ಗೂನುಬೆನ್ನಿನ ಡಾಲ್ಫಿನ್: ಎರಡು ಪ್ರಭೇದಗಳ ವಿಂಗಡಣೆಯ ಇತಿಹಾಸ

ಕರ್ನಾಟಕದ ಕರಾವಳಿಯಲ್ಲಿ ದಡಕ್ಕೆ ತೀರ ಹತ್ತಿರ, ಅಳಿವೆಗಳ ಬಾಯಲ್ಲಿ ಕಾಣಸಿಗುವ ಸೀಸದ ಬಣ್ಣದ ಡಾಲ್ಫಿನ್ ಸೌಸ ಪ್ಲಂಬಿಯ. ದಕ್ಷಿಣ ಆಫ್ರಿಕದಿಂದ ಭಾರತದ ಪಶ್ಚಿಮ ತೀರದವರೆಗೆ ಇದರ ನೆಲೆ. ಇದರ ಸಮೀಪದ ಬಂಧು ಸೌಸ ಚೈನೆನ್ಸಿಸ್ ಬಂಗಾಳ ಕೊಲ್ಲಿಯಿಂದ ಚೀನಾದವರೆಗಿನ ತೀರಗಳಲ್ಲಿದೆ. ಎರಡೂ ಡೆಲ್ಫಿನಿಡೇ ಕುಟುಂಬಕ್ಕೆ ಸೇರಿದವು.

ಉಸಿರಿಗೆಂದು ಮೇಲೆ ಬರುವಾಗ ಎರಡರದೂ ನೀಳ ಮೂತಿಯೇ ಮೊದಲು ನೀರು ಸೀಳುತ್ತದೆ. ನಂತರ ಕಾಣುವ ಬೆನ್ನನ್ನು ಗಮನಿಸಬೇಕು. ಬಲಿತ ಪ್ಲಂಬಿಯದ ಬೆನ್ನಿನಲ್ಲಿ ಉದ್ದನೆಯ ಗೂನು, ಅದರ ನೆತ್ತಿಯ ಮೇಲೆ ಕಿರಿದಾದ ರೆಕ್ಕೆ. ಚೈನೆನ್ಸಿಸ್‌ಗೆ ಆ ಗೂನಿಲ್ಲ. ಅಗಲ ಬುಡದ ತ್ರಿಕೋನ ರೆಕ್ಕೆ ನೇರ ಬೆನ್ನಿನಿಂದಲೇ ಏಳುತ್ತದೆ. ಬಣ್ಣವೊಂದನ್ನೇ ನಂಬಿದರೆ ಮೋಸಹೋಗುವುದು ಖಂಡಿತ. ಚೀನಾದ ಬಲಿತ ಪ್ರಾಣಿಗಳು ಬಿಳಿ ಇಲ್ಲವೆ ಗುಲಾಬಿ ಬಣ್ಣದವಾದರೂ ಅವುಗಳ ಮರಿಗಳು ಕಡುಬೂದು. ಪ್ಲಂಬಿಯದ ಮರಿಗೆ ಗೂನೂ ಪೂರ್ತಿ ಬೆಳೆದಿರುವುದಿಲ್ಲ. ಆದ್ದರಿಂದ ಗುಂಪಿನ ಬಲಿತ ಪ್ರಾಣಿಗಳನ್ನು ನೋಡಿಯೇ ತೀರ್ಮಾನಿಸಬೇಕು.

ಲಿನೇಯಸ್‌ನ ಶಿಷ್ಯ ಪೇರ್ ಓಸ್ಬೆಕ್ ಚೀನಾ ಯಾನದಲ್ಲಿ ಕಂಡ ಬಿಳಿ ಡಾಲ್ಫಿನ್‌ಗೆ ಸಂಬಂಧಿಸಿದ ಚೈನೆನ್ಸಿಸ್ ಎಂಬ ಹೆಸರು 1765ರದು. ಬೋರ್ಡೊ ನಗರದ ಹಡಗು ವರ್ತಕ ದ್ಯುಸುಮಿಯೆ ಮಲಬಾರ್ ಕರಾವಳಿಯಲ್ಲಿ ಕಂಡ ಪ್ರಾಣಿಯನ್ನು ಜಾರ್ಜ್ ಕ್ಯುವಿಯೆ 1829ರಲ್ಲಿ ಸೀಸವರ್ಣದ ಡಾಲ್ಫಿನ್ ಎಂದು ದಾಖಲಿಸಿದ. ನಮ್ಮ ಕಡಲಿನ ಈ ಪ್ರಭೇದಕ್ಕೆ ಹೆಸರು ಬಂದಿದ್ದು ಹೀಗೆ, ಪಶ್ಚಿಮ ತೀರದ ಪ್ರಾಣಿಯಿಂದಲೇ.

ಮೂರನೆಯ ಹೆಸರಿನ ಹಿಂದೆ ಕನ್ನಡ ನಾಡಿಗೆ ಚಿರಪರಿಚಿತನಾದ ವಾಲ್ಟರ್ ಎಲಿಯಟ್ ಇದ್ದಾನೆ. ಧಾರವಾಡದಲ್ಲಿ ಕಲೆಕ್ಟರ್ ಥ್ಯಾಕರೆಯ ಸಹಾಯಕನಾಗಿ, 1824ರ ಕಿತ್ತೂರು ಸಮರದಲ್ಲಿ ಸೆರೆಸಿಕ್ಕು, ಮುಂದೆ ಕನ್ನಡ ಶಾಸನಗಳ ದೊಡ್ಡ ಸಂಗ್ರಹವನ್ನೇ ಮಾಡಿದವನು ಇವನು. ವಿಶಾಖಪಟ್ಟಣದ ಕಡೆಯಿಂದ ಇವನು ಒದಗಿಸಿದ ಮಾದರಿಗಳನ್ನು ರಿಚರ್ಡ್ ಓವೆನ್ 1866ರಲ್ಲಿ ವಿವರಿಸಿದ. ಮೈಮೇಲೆ ಚುಕ್ಕೆಗಳಿದ್ದ ಒಂದಕ್ಕೆ ಲೆಂಟಿಜಿನೋಸಸ್ ಎಂದು ಹೆಸರಿಟ್ಟ. ಶಾಸನ ಹುಡುಕಿದ ಕಣ್ಣೇ ಕಡಲ ಪ್ರಾಣಿಗಳನ್ನೂ ಹುಡುಕಿತೆಂಬುದನ್ನು ನಮ್ಮ ಇತಿಹಾಸಕಾರರು ಇನ್ನಷ್ಟು ಹೇಳಬೇಕಿತ್ತು.

20ನೆಯ ಶತಮಾನದ ಉತ್ತರಾರ್ಧದಲ್ಲಿ ಹಲವರು ಈ ಮೂರೂ ಹೆಸರಿನ ಪ್ರಾಣಿಗಳನ್ನು ಚೈನೆನ್ಸಿಸ್ ಎಂಬ ಒಂದೇ ಹೆಸರಿನಡಿ ಸೇರಿಸಿದರು. ನಡುವೆ ಪ್ಲಂಬಿಯವನ್ನು ಬೇರೆಯಾಗಿಯೇ ಉಳಿಸಿದವರೂ ಇದ್ದರು. ಥಾಮಸ್ ಜೆಫರ್ಸನ್ ಮತ್ತು ಹೊವರ್ಡ್ ರೋಸೆನ್‌ಬಾಮ್ 2014ರಲ್ಲಿ ತಲೆಬುರುಡೆ, ಬಣ್ಣ, ದೇಹದ ಆಕಾರ, ಡಿಎನ್‌ಎ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿ ಸೌಸ ಕುಲದಲ್ಲಿ ನಾಲ್ಕು ಪ್ರಭೇದಗಳೆಂದು ನಿರೂಪಿಸಿದರು. ಪ್ಲಂಬಿಯ ಮತ್ತೆ ಸ್ವತಂತ್ರವಾಯಿತು, ಆಸ್ಟ್ರೇಲಿಯದ ಪ್ರಾಣಿಗಳಿಗೆ ಸಹುಲೆನ್ಸಿಸ್ ಎಂಬ ಹೊಸ ಹೆಸರು ಬಂತು. ಬಂಗಾಳ ಕೊಲ್ಲಿಯ ಪ್ರಾಣಿಗಳ ಸ್ಥಾನ ಮಾತ್ರ ಇತ್ಯರ್ಥವಾಗಲಿಲ್ಲ.

ಈ ವಿಂಗಡಣೆಯನ್ನು ಹೆಸರಿನ ತಕರಾರೆಂದು ತಳ್ಳಿಹಾಕುವುದು ತಪ್ಪು. ಒಂದೇ ಪ್ರಭೇದವೆಂದು ಎಣಿಸಿದಷ್ಟು ಕಾಲವೂ ಆಫ್ರಿಕದಿಂದ ಚೀನಾದವರೆಗಿನ ಹರಹು ದೊಡ್ಡದಾಗಿ ಕಂಡು, ಪಶ್ಚಿಮದ ಪ್ರಾಣಿಯ ಸಂಕಟ ಅದರಲ್ಲಿ ಮುಚ್ಚಿಹೋಗುತ್ತಿತ್ತು. ಆಳವಿಲ್ಲದ ನೀರನ್ನು ಬಿಟ್ಟು ಹೋಗದ ಪ್ಲಂಬಿಯಕ್ಕೆ ಕಂತುಬಲೆಯೇ ದೊಡ್ಡ ಕಂಟಕ. ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅದೀಗ ಅಳಿವಿನಂಚಿನ ಪ್ರಭೇದ. ಚೈನೆನ್ಸಿಸ್ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಅಪಾಯದ ವರ್ಗದಲ್ಲಿದೆ.