ವಲಯ ಫಲಕ: ಕ್ಷ-ಕಿರಣಗಳಿಗೊಂದು ಮಸೂರ

ಕ್ಷ-ಕಿರಣಗಳನ್ನು ವಿವರ್ತನೆಯ ಮೂಲಕ ಅತಿ ಸೂಕ್ಷ್ಮ ಬಿಂದುವಿಗೆ ಕೇಂದ್ರೀಕರಿಸುವ ಸಾಧನವೇ ವಲಯ ಫಲಕ ಅಥವಾ ಜೋನ್ ಪ್ಲೇಟ್. ಜೀವಕೋಶ, ಬ್ಯಾಟರಿ, ಕಂಪ್ಯೂಟರ್ ಚಿಪ್‌ಗಳ ಒಳರಚನೆಯನ್ನು ನ್ಯಾನೋಮೀಟರ್ ಮಟ್ಟದಲ್ಲಿ ಕಾಣಲು ಇದು ನೆರವಾಗುತ್ತದೆ. ಮಿಲಿಮೀಟರಿನ 10 ಲಕ್ಷದಲ್ಲೊಂದು ಭಾಗವೇ ಒಂದು ನ್ಯಾನೋಮೀಟರ್.

ಗಾಜಿನ ಮಸೂರ ಏಕೆ ಸಲ್ಲದು?
1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ಜರ್ಮನಿಯ ವಿಲ್ಹೆಲ್ಮ್ ರಾಂಟ್ಜೆನ್ ಅವರಿಗೆ ಮಸೂರದಿಂದ ಅವುಗಳನ್ನು ಒಗ್ಗೂಡಿಸಲು ಸಾಧ್ಯವಾಗಲಿಲ್ಲ. ಈ ಕಿರಣಗಳಿಗೆ ವಸ್ತುಗಳ ವಕ್ರೀಭವನಾಂಕವು 1ಕ್ಕಿಂತ ಅತ್ಯಲ್ಪ ಪ್ರಮಾಣದಲ್ಲಷ್ಟೇ ಕಡಿಮೆ. ಆದ್ದರಿಂದ ಒಂದು ಮಸೂರದಲ್ಲಿ ಅವು ಬಾಗುವುದು ನಗಣ್ಯ.

ಕಾರ್ಯವಿಧಾನ
ಫಲಕದಲ್ಲಿ ಒಂದೇ ಕೇಂದ್ರವುಳ್ಳ ನೂರಾರು ಉಂಗುರಗಳಿರುತ್ತವೆ. ಒಂದು ಉಂಗುರ ಕಿರಣಗಳನ್ನು ಹಾಯಗೊಟ್ಟರೆ ಮರು ಉಂಗುರ ತಡೆಯುತ್ತದೆ. ಅಂಚಿನತ್ತ ಸಾಗಿದಂತೆ ಉಂಗುರಗಳು ಕಿರಿದಾಗುತ್ತವೆ. ಹೀಗೆ ಹಾದುಬಂದ ತರಂಗಗಳು ನಾಭಿಯಲ್ಲಿ ಉಬ್ಬಿಗೆ ಉಬ್ಬು ಸೇರಿ ಪ್ರಬಲವಾಗುತ್ತವೆ. ಆದರೆ ಕಿರಣಗಳನ್ನು ಕೇವಲ ತಡೆಯುವ ಫಲಕದಲ್ಲಿ ಸುಮಾರು ಶೇ. 10ರಷ್ಟು ಮಾತ್ರ ಮುಖ್ಯ ನಾಭಿಯನ್ನು ಸೇರುತ್ತದೆ. ತರಂಗಗಳನ್ನು ತಡೆಯದೆ ಅರ್ಧ ತರಂಗದಷ್ಟು ಹಿಂದು-ಮುಂದು ಮಾಡುವ ಫಲಕಗಳು ಇದಕ್ಕಿಂತ ದಕ್ಷ.

ಬಿಂದುವಿನ ಮಿತಿ
ನಾಭಿಯ ಬಿಂದುವು ಸರಿಸುಮಾರು ಅತ್ಯಂತ ಹೊರಗಿನ ಉಂಗುರದ ಅಗಲದಷ್ಟೇ ಕಿರಿದಾಗಬಲ್ಲದು. ಹಾಗಾಗಿ ಇಲ್ಲಿ ಮಿತಿಯನ್ನು ಹೇರುವುದು ಕಿರಣಕ್ಕಿಂತ ಹೆಚ್ಚಾಗಿ ಫಲಕ ತಯಾರಿಕೆಯ ನೈಪುಣ್ಯ. ಎಲೆಕ್ಟ್ರಾನ್ ಕಿರಣದಿಂದ ಉಂಗುರಗಳನ್ನು ಕೊರೆಯುವಾಗ ನೆರೆಯ ಗೆರೆಗಳು ಒಂದರೊಳಗೊಂದು ಕಲೆಯುತ್ತವೆ. ಅಮೆರಿಕದ ಬರ್ಕ್ಲಿ ಪ್ರಯೋಗಾಲಯದ ವಿಜ್ಞಾನಿಗಳು ಸಮ ಮತ್ತು ಬೆಸ ಉಂಗುರಗಳನ್ನು ಪ್ರತ್ಯೇಕವಾಗಿ ರಚಿಸಿ ಜೋಡಿಸಿದರು. 2005ರಲ್ಲಿ 15 ನ್ಯಾನೋಮೀಟರಿಗಿಂತ ಸೂಕ್ಷ್ಮ ವಿವರಗಳನ್ನು ಕಂಡರು.

ಪದರಗಳ ಮಸೂರ
ಹೆಚ್ಚು ಶಕ್ತಿಯ ಕ್ಷ-ಕಿರಣಗಳು ತೆಳು ಉಂಗುರಗಳನ್ನು ಭೇದಿಸಿ ಸಾಗುತ್ತವೆ. ಅವುಗಳಿಗೆ ಅಗಲಕ್ಕಿಂತ ಹತ್ತಾರು ಪಟ್ಟು ಎತ್ತರದ ಉಂಗುರಗಳು ಬೇಕು. ಅಂಥವು ಕುಸಿದುಬೀಳುವ ಸಂಭವವಿದೆ. ಇದಕ್ಕೆ ಪರಿಹಾರ ಬಹುಪದರ ಲೌಯೆ ಮಸೂರ. ಸಮತಟ್ಟಾದ ಬಿಲ್ಲೆಯ ಮೇಲೆ ಎರಡು ವಸ್ತುಗಳ ಸಾವಿರಾರು ಪದರಗಳನ್ನು ಲೇಪಿಸಿ, ಅಡ್ಡಲಾಗಿ ತೆಳು ಹೋಳು ಕತ್ತರಿಸಲಾಗುತ್ತದೆ. ದೋಷಗಳು ಶೇಖರವಾಗುವ ಮುನ್ನವೇ ಮುಗಿಯಲೆಂದು ಅತಿ ತೆಳು ಪದರಗಳನ್ನು ಮೊದಲು ಲೇಪಿಸುವ ವಿಧಾನವಿದೆ. ಒಂದು ಹೋಳು ಕಿರಣಗಳನ್ನು ಗೆರೆಯಾಗಿ ಮಾತ್ರ ಕೂಡಿಸುತ್ತದೆ. ಬಿಂದುವಿಗಾಗಿ ಎರಡನ್ನು ಅಡ್ಡಡ್ಡ ಇಡಬೇಕು. ಜರ್ಮನಿಯ ಡೇಸಿ ಕೇಂದ್ರದ ತಂಡ 2018ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಬಿಂದುವಿನ ಅಳತೆ 8.4 ಮತ್ತು 6.8 ನ್ಯಾನೋಮೀಟರ್.

ಉಪಯೋಗ, ಅಪಾಯ
2.3ರಿಂದ 4.4 ನ್ಯಾನೋಮೀಟರ್ ತರಂಗಾಂತರದ ಕಿರಣಗಳನ್ನು ಇಂಗಾಲ ಹೀರುತ್ತದೆ, ನೀರು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಇದರಿಂದ ಬಣ್ಣ ಹಚ್ಚದೆಯೇ ಜೀವಕೋಶವನ್ನು ನೋಡಬಹುದು. ಆದರೆ ಬಿಂದು ಕಿರಿದಾದಷ್ಟೂ ವಿಕಿರಣ ಅಲ್ಲೇ ಸಾಂದ್ರವಾಗಿ ನೋಡಬೇಕಾದ ಕೋಶವನ್ನೇ ಕೆಡಿಸಬಲ್ಲದು. ಆದ್ದರಿಂದ ಮಾದರಿಗಳನ್ನು ಅತಿಶೀತದಲ್ಲಿ ಹೆಪ್ಪುಗಟ್ಟಿಸಿ ಪರೀಕ್ಷಿಸುವ ಪದ್ಧತಿಯಿದೆ.