‘ನಿಯಂತ್ರಣ ತಪ್ಪಿ’ ಅನ್ನೋ ಎರಡು ಪದ

ರಾತ್ರಿ ಬುಲೆಟಿನ್‌ಗೆ ಕೂತಾಗ ಟೆಲಿಪ್ರಾಂಪ್ಟರ್ ಮೇಲೆ ಪದೇ ಪದೇ ಬರುವ ಎರಡು ಪದಗಳಿವೆ. ‘ನಿಯಂತ್ರಣ ತಪ್ಪಿ.’ ನಿಯಂತ್ರಣ ತಪ್ಪಿ ಬೈಕ್ ಡಿವೈಡರ್‌ಗೆ ಡಿಕ್ಕಿ. ನಿಯಂತ್ರಣ ತಪ್ಪಿ ಬೈಕ್ ಕೆರೆಗೆ. ಸವಾರ ಸ್ಥಳದಲ್ಲೇ ಸಾವು. ನಾನು ಓದ್ತೀನಿ, ನೀವು ಕೇಳ್ತೀರಿ, ಮುಂದಿನ ಸುದ್ದಿಗೆ ಹೋಗ್ತೀವಿ. ಒಂದು ದಿನ ಓದಿ ಮುಗಿಸಿದ ಮೇಲೆ ತಲೆಯಲ್ಲಿ ಒಂದು ಪ್ರಶ್ನೆ ಉಳಿದುಬಿಟ್ಟಿತು. ನಿಯಂತ್ರಣ ತಪ್ಪಿತು ಅಂತೀವಲ್ಲ, ಆ ನಿಯಂತ್ರಣವನ್ನ ಆ ಹುಡುಗನಿಗೆ ಯಾರಾದರೂ ಕಲಿಸಿದ್ದರಾ?

ನನಗಂತೂ ಯಾರೂ ಕಲಿಸಲಿಲ್ಲ. ಮಣ್ಣಿನ ಮೈದಾನದಲ್ಲಿ ಎಂಟು ಹಾಕಿದೆ, ಕಾಲು ನೆಲಕ್ಕೆ ಇಡಲಿಲ್ಲ, ಡಿಎಲ್ ಬಂತು. ಮೂರನೇ ಗೇರ್ ಕೂಡ ಹಾಕಿರಲಿಲ್ಲ ಸ್ವಾಮಿ!

ಇದೇ ಪ್ರಶ್ನೆಯನ್ನು ಒಂದು ದೇಶ ಬಹಳ ಹಿಂದೆಯೇ ಕೇಳಿಕೊಂಡಿತ್ತು. ಆ ಕಥೆ ಹೇಳ್ತೀನಿ.

1935ರ ಮೇ 13. ಇಂಗ್ಲೆಂಡಿನ ಡಾರ್ಸೆಟ್ ಜಿಲ್ಲೆಯ ಹಳ್ಳಿ ರಸ್ತೆ. ಬ್ರಫ್ ಸುಪೀರಿಯರ್ ಎಂಬ ದುಬಾರಿ ಬೈಕ್ ಮೇಲೆ ಬರುತ್ತಿದ್ದಾತ ಟಿ. ಇ. ಲಾರೆನ್ಸ್, ಜಗತ್ತು ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಕರೆದ ಮನುಷ್ಯ. ರಸ್ತೆ ಏರಿಳಿತದ್ದು. ತಗ್ಗಿನ ಆಚೆ ಸೈಕಲ್ ಮೇಲೆ ಇಬ್ಬರು ಹುಡುಗರಿದ್ದರು. ಅವರನ್ನು ತಪ್ಪಿಸಲು ಹೋಗಿ ಲಾರೆನ್ಸ್ ಹ್ಯಾಂಡಲ್ ಮೇಲಿಂದ ಹಾರಿ ಬಿದ್ದರು. ತಲೆಗೆ ಪೆಟ್ಟು. ಆರು ದಿನ ಪ್ರಜ್ಞೆ ಬರಲಿಲ್ಲ. ಮೇ 19ಕ್ಕೆ ತೀರಿಕೊಂಡರು. ವಯಸ್ಸು 46. ನಮ್ಮ ಭಾಷೆಯಲ್ಲಿ ಹೇಳೋದಾದರೆ, ‘ನಿಯಂತ್ರಣ ತಪ್ಪಿ.’

ಗಮನಿಸಿ, ಬ್ರಿಟನ್ನಿನಲ್ಲಿ ಹೊಸ ಚಾಲಕರಿಗೆ ಡ್ರೈವಿಂಗ್ ಪರೀಕ್ಷೆ ಕಡ್ಡಾಯವಾದದ್ದು ಅದೇ ವರ್ಷದ ಜೂನ್ 1ರಿಂದ. ಲಾರೆನ್ಸ್ ಸತ್ತು ಎರಡು ವಾರ ಕೂಡ ಆಗಿರಲಿಲ್ಲ. ಅಲ್ಲಿಯವರೆಗೆ ದುಡ್ಡು ಕಟ್ಟಿದವನಿಗೆ ಲೈಸೆನ್ಸ್. ಹಿಂದಿನ ವರ್ಷ, 1934ರಲ್ಲಿ, ಆ ದೇಶದ ರಸ್ತೆಗಳಲ್ಲಿ ಸತ್ತವರು ಏಳು ಸಾವಿರಕ್ಕೂ ಹೆಚ್ಚು. ಆಗ ಅಲ್ಲಿದ್ದ ವಾಹನಗಳ ಸಂಖ್ಯೆ ಇವತ್ತಿನದರ ಒಂದು ಸಣ್ಣ ಪಾಲು.

ಲಾರೆನ್ಸ್ ಅವರಿಗೆ ಚಿಕಿತ್ಸೆ ಕೊಡಲು ಬಂದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮೆದುಳಿನ ಶಸ್ತ್ರಚಿಕಿತ್ಸಕ ಇದ್ದರು. ಅವರು ಈ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. ಮಹಾಯುದ್ಧ ಶುರುವಾಗಿ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಬೈಕ್ ಸವಾರರು, ಹಿಂಬದಿ ಸವಾರರು ಸೇರಿ 2,279 ಮಂದಿ ಸತ್ತರು ಎಂದು 1941ರಲ್ಲಿ ಲೆಕ್ಕ ಕೊಟ್ಟರು. ಹೆಲ್ಮೆಟ್ ಹಾಕಿಕೊಂಡೇ ಬಿದ್ದವರ ಏಳು ಪ್ರಕರಣ ಅವರಿಗೆ ಸಿಕ್ಕಿದ್ದವು. ಏಳೂ ಜನ ಬದುಕಿದ್ದರು. ಆ ವರ್ಷವೇ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಜನಸಾಮಾನ್ಯರಿಗೆ ಕಾನೂನು ಬಂದದ್ದು 1973ರಲ್ಲಿ. ಲಾರೆನ್ಸ್ ಸತ್ತು 38 ವರ್ಷಕ್ಕೆ!

ಇದು ತಲೆ ಉಳಿಸುವ ಕಥೆ. ಬೀಳದ ಹಾಗೆ ಓಡಿಸುವ ಕಥೆ ಬೇರೆ ಇದೆ. ಅದು ಶುರುವಾದದ್ದು ಪೊಲೀಸರಿಂದ.

ಲಂಡನ್ ಪೊಲೀಸರ ಗಾಡಿಗಳೇ ವಿಪರೀತ ಅಪಘಾತಕ್ಕೆ ಸಿಗುತ್ತಿದ್ದವು. 1930ರ ದಶಕದ ಮಧ್ಯದಲ್ಲಿ ಹೆಂಡನ್ ಎಂಬಲ್ಲಿ ಪೊಲೀಸ್ ಡ್ರೈವಿಂಗ್ ಶಾಲೆ ತೆರೆದರು. ಅಲ್ಲಿಗೆ ಸಲಹೆಗಾರರಾಗಿ ಬಂದವರು ಲಾರ್ಡ್ ಕಾಟನ್‌ಹ್ಯಾಮ್, ಒಬ್ಬ ರೇಸಿಂಗ್ ಡ್ರೈವರ್. ರೇಸ್‌ನವನು ಬಂದು ವೇಗ ಕಲಿಸಿರಬೇಕು ಅಂದ್ಕೊಂಡ್ರಾ? ಇಲ್ಲ. ಕ್ರಮ ಕಲಿಸಿದರು. ಯಾವುದೇ ಅಪಾಯ ಬರಲಿ, ತಿರುವು ಬರಲಿ, ಕೂಡುರಸ್ತೆ ಬರಲಿ, ಒಂದೇ ಅನುಕ್ರಮ. ಇವತ್ತು ಅದನ್ನು ಐದು ಹಂತವಾಗಿ ಹೇಳಿಕೊಡುತ್ತಾರೆ: ಮಾಹಿತಿ, ಜಾಗ, ವೇಗ, ಗೇರ್, ಆಮೇಲೆ ಆಕ್ಸಿಲರೇಟರ್. ಮೊದಲು ನೋಡು. ರಸ್ತೆಯಲ್ಲಿ ಸರಿಯಾದ ಜಾಗಕ್ಕೆ ಬಾ. ವೇಗ ಇಳಿಸು. ಆ ವೇಗಕ್ಕೆ ತಕ್ಕ ಗೇರ್ ಹಾಕು. ತಿರುವಿನಲ್ಲಿ ಸಮವಾಗಿ ಸಾಗು. ತಿರುವಿನ ಒಳಗೆ ಹೋದ ಮೇಲೆ ಬ್ರೇಕ್ ಹುಡುಕೋದಲ್ಲ.

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಇದರ ಹಿಂದಿನ ಲೆಕ್ಕ ಹೇಳದಿದ್ದರೆ ಸಮಾಧಾನ ಇಲ್ಲ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿ ನಿಲ್ಲುವ ದೂರ ನಾಲ್ಕರಷ್ಟಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ನೀವು ‘ಅಯ್ಯೋ’ ಅನ್ನುವಷ್ಟರಲ್ಲಿ ಗಾಡಿ ಒಂದು ಬಸ್ಸಿನ ಉದ್ದ ದಾಟಿರುತ್ತದೆ. ಟಯರ್‌ಗೆ ರಸ್ತೆ ಮೇಲೆ ಇರುವ ಹಿಡಿತವೂ ಸಂಬಳದ ಹಾಗೆ, ಇಷ್ಟೇ ಅಂತ ಇರುತ್ತೆ. ತಿರುಗೋಕೆ ಪೂರ್ತಿ ಖರ್ಚು ಮಾಡಿದರೆ ಬ್ರೇಕ್‌ಗೆ ಏನೂ ಉಳಿಯಲ್ಲ. ಅದಕ್ಕೇ ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು.

ಹೆಂಡನ್ ಪಾಠ 1955ರಲ್ಲಿ ‘ರೋಡ್‌ಕ್ರಾಫ್ಟ್’ ಎಂಬ ಪುಸ್ತಕವಾಗಿ ಸಾರ್ವಜನಿಕರ ಕೈಗೂ ಬಂತು. ಮುಂದೆ ಬೈಕ್‌ಗೆಂದೇ ಬೇರೆ ಪುಸ್ತಕ ಬಂತು. 1956ರಲ್ಲಿ ‘ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್‌ಡ್ ಮೋಟರಿಸ್ಟ್ಸ್’ ಹುಟ್ಟಿತು. ಅವರ ಮಾತು ಇಷ್ಟು: ಲೈಸೆನ್ಸ್ ಸಿಕ್ಕಿದ್ದು ಕಲಿಕೆಯ ಶುರು, ಕೊನೆ ಅಲ್ಲ. ಬನ್ನಿ, ಪೊಲೀಸ್ ಪದ್ಧತಿಯಲ್ಲಿ ಇನ್ನೊಂದು ಪರೀಕ್ಷೆ ಕೊಡಿ. ಯಾರೂ ಬಲವಂತ ಮಾಡಲ್ಲ. 1976ರಲ್ಲಿ ಬೈಕ್ ಸವಾರರಿಗೂ ಆ ಪರೀಕ್ಷೆ ತೆರೆದರು.

ಆದರೆ ಆ ದೇಶದ ನಿಜವಾದ ಸಾಧನೆ ಕೇಂದ್ರ ಕಚೇರಿಯದ್ದಲ್ಲ, ಊರೂರಿನ ಕ್ಲಬ್‌ಗಳದ್ದು. ಅಲ್ಲಿ ಕಲಿಸುವವರಿಗೆ ‘ಅಬ್ಸರ್ವರ್’ ಅಂತಾರೆ, ಅಂದರೆ ಗಮನಿಸುವವರು. ವಾರವಿಡೀ ಬೇರೆ ಕೆಲಸ ಮಾಡುವ ಸ್ವಯಂಸೇವಕರು ಅವರು. ರಜೆಯ ದಿನ ಬೆಳಿಗ್ಗೆ ಕಲಿಯುವವನ ಹಿಂದೆ ತಮ್ಮ ಬೈಕ್‌ನಲ್ಲಿ ಹೋಗುತ್ತಾರೆ. ಎಲ್ಲಿ ತಡವಾಗಿ ನೋಡಿದ, ಎಲ್ಲಿ ಲಾರಿಗೆ ಅಂಟಿಕೊಂಡ, ಯಾವ ತಿರುವಲ್ಲಿ ಗೆರೆ ದಾಟಿದ, ಎಲ್ಲ ಗಮನಿಸುತ್ತಾರೆ. ನಡುವೆ ಗಾಡಿ ನಿಲ್ಲಿಸಿ, ಟೀ ಕುಡೀತಾ, ಮೂರು ಮಾತು ಹೇಳುತ್ತಾರೆ. ಬೈಗುಳ ಇಲ್ಲ. ಮುಂದಿನ ವಾರ ಮತ್ತೆ. ಹೀಗೆ ಹಲವು ವಾರ ನಡೆದ ಮೇಲೆ ಪೊಲೀಸ್ ತರಬೇತಿ ಪಡೆದ ಪರೀಕ್ಷಕನ ಮುಂದೆ ಪರೀಕ್ಷೆ. ಪಾಸಾದವರಲ್ಲಿ ಕೆಲವರು ತಾವೇ ಅಬ್ಸರ್ವರ್ ಆಗುತ್ತಾರೆ. ಕೆರೆಯಲ್ಲಿ ಈಜು ಕಲಿತ ಹುಡುಗ ಮುಂದಿನ ಬೇಸಿಗೆಗೆ ತಮ್ಮನಿಗೆ ಕಲಿಸ್ತಾನಲ್ಲ, ಹಾಗೆ.

ಅವರು ಕಲಿಸುವ ಒಂದು ಪಾಠ ಕೇಳಿ. ತಿರುವಿನಲ್ಲಿ ರಸ್ತೆಯ ಎರಡೂ ಅಂಚು ದೂರದಲ್ಲಿ ಸೇರಿದಂತೆ ಕಾಣುವ ಒಂದು ಬಿಂದು ಇರುತ್ತದೆ. ಕಣ್ಣು ಅಲ್ಲೇ ಇರಲಿ. ಆ ಬಿಂದು ನಿಮ್ಮ ಹತ್ತಿರ ಬರುತ್ತಿದ್ದರೆ ತಿರುವು ಬಿಗಿಯಾಗುತ್ತಿದೆ, ವೇಗ ಇಳಿಸಿ. ದೂರ ಓಡುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ಕಣ್ಣಿಗೆ ಖಾಲಿ ಕಾಣುವಷ್ಟು ದೂರದಲ್ಲಿ, ನಿಮ್ಮ ಪಥದಲ್ಲೇ, ನಿಲ್ಲಿಸಲು ಆಗುವ ವೇಗ ನಿಮ್ಮ ವೇಗ. ಏರಿಳಿತದ ರಸ್ತೆಗೂ ಇದೇ ನಿಯಮ. ಡಾರ್ಸೆಟ್‌ನ ಆ ತಗ್ಗು ನೆನಪಾಯ್ತಾ?

ಹಾಗಾದರೆ ತರಬೇತಿ ಕೊಟ್ಟರೆ ಸಾವು ನಿಲ್ಲುತ್ತಾ? ಇಲ್ಲಿ ಪ್ರಾಮಾಣಿಕವಾಗಿರಬೇಕು. ಬೈಕ್ ತರಬೇತಿ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ 2010ರ ಕಾಕ್ರೇನ್ ವಿಮರ್ಶೆ, ತರಬೇತಿಯಿಂದ ಅಪಘಾತ ಇಳಿಯುತ್ತದೆ ಎಂದು ಖಚಿತವಾಗಿ ಹೇಳುವಷ್ಟು ಪುರಾವೆ ಇಲ್ಲ ಎಂದಿತು. ಕ್ಲಬ್ಬಿಗೆ ತಾನಾಗಿ ಬರುವವನು ಮೊದಲೇ ಎಚ್ಚರದ ಮನುಷ್ಯ. ಅಪಾಯ ಇರುವುದು ಬಾರದವನಿಗೆ. ಇನ್ನೊಂದು ಭಯವೂ ಇದೆ. ಕೈಚಳಕ ಮಾತ್ರ ಕಲಿಸಿದರೆ ಹುಡುಗನಿಗೆ ‘ನಂಗೆ ಎಲ್ಲಾ ಗೊತ್ತು’ ಅನ್ನೋ ಧೈರ್ಯ ಬಂದು ಇನ್ನೂ ಜೋರಾಗಿ ಓಡಿಸಬಹುದು. ಅದಕ್ಕೇ ಹೆಂಡನ್ ಪಾಠದಲ್ಲಿ ಮೊದಲ ಹಂತ ಕೈಯದ್ದಲ್ಲ, ಕಣ್ಣಿನದ್ದು.

ಈಗ ನಮ್ಮ ಲೆಕ್ಕ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ದ್ವಿಚಕ್ರ ವಾಹನದವರು 74,897. ಹೆಲ್ಮೆಟ್ ಇಲ್ಲದೆ ಸತ್ತವರೇ 50 ಸಾವಿರ. ಇವು ಕೇಂದ್ರ ಸರ್ಕಾರದ್ದೇ ಅಂಕಿಗಳು. ಗುಂಡಿ, ಬೆಳಕಿಲ್ಲದ ರಸ್ತೆ, ರಾಂಗ್ ಸೈಡ್‌ನಲ್ಲಿ ಬರುವ ಟ್ರ್ಯಾಕ್ಟರ್, ಎಲ್ಲವೂ ಕಾರಣವೇ. ಸರ್ಕಾರವನ್ನು ಕೇಳೋದು ಬಿಡಲ್ಲ, ಅದು ನನ್ನ ಕೆಲಸ.

ಆದರೆ ನಮ್ಮಲ್ಲೂ ಬೈಕ್ ಕ್ಲಬ್‌ಗಳಿಗೆ ಬರ ಇಲ್ಲ. ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಕಡೆ ಹೋಗಿ ನೋಡಿ, ಸಾಲುಸಾಲು ಗಾಡಿ. ಹದಿನೈದು ವರ್ಷ ಬೀಳದೆ ಓಡಿಸಿದ ಹಿರಿಯರು ಅದರಲ್ಲಿ ಇರ್ತಾರೆ, ಮೊನ್ನೆ ಗಾಡಿ ತಗೊಂಡ ಹುಡುಗನೂ ಇರ್ತಾನೆ. ಸಾಮಾನ್ಯವಾಗಿ ಹಿರಿಯ ಮುಂದೆ ಹೋಗ್ತಾನೆ, ಹುಡುಗ ಅವನನ್ನ ಹಿಡಿಯೋಕೆ ಹಿಂದೆ ಓಡಿಸ್ತಾನೆ. ಮುಂದಿನ ಭಾನುವಾರ ಅಣ್ಣಂದಿರು ಆ ಹುಡುಗನನ್ನ ಮುಂದೆ ಬಿಟ್ಟು ತಾವು ಹಿಂದೆ ಹೋಗಲಿ. ಅವನ ಸವಾರಿ ನೋಡಿ, ತಿಂಡಿಗೆ ನಿಂತಾಗ ಮೂರು ಮಾತು ಹೇಳಲಿ. ಇದಕ್ಕೆ ಬಜೆಟ್ ಬೇಡ, ಕಾಯ್ದೆ ತಿದ್ದುಪಡಿ ಬೇಡ.

ಆ ಹುಡುಗನ ಹೆಸರನ್ನ ನಾನು ಯಾವತ್ತೂ ಬುಲೆಟಿನ್‌ನಲ್ಲಿ ಓದುವ ಹಾಗೆ ಆಗದಿರಲಿ.