ದಾನದ ದುಡ್ಡು, ಯಾರ ಪ್ರಶ್ನೆ?

ದುಡ್ಡು ಕೊಟ್ಟವನ ಹೆಸರು ಬೋರ್ಡಿನ ಮೇಲೆ ಉಳಿಯುತ್ತದೆ. ಆ ದುಡ್ಡು ಯಾರ ಬೆವರಿನದೆಂದು ಎಲ್ಲೂ ಬರೆದಿರುವುದಿಲ್ಲ. ಸಮಾಜವಿಜ್ಞಾನದ ಚರಿತ್ರೆಯನ್ನು ಈ ಕಡೆಯಿಂದಲೂ ಓದಬೇಕಾಗಿದೆ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ 1895ರಲ್ಲಿ ಹುಟ್ಟಿದ್ದೇ ಹೆನ್ರಿ ಹಚಿನ್ಸನ್ ಎಂಬ ವಕೀಲ ಬರೆದಿಟ್ಟ ಉಯಿಲಿನ ಹಣದಿಂದ. 1912ರಲ್ಲಿ, ಬಡತನದ ಅಧ್ಯಯನ ನಡೆಯಲೆಂದು ಲಂಡನ್ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ 1,400 ಪೌಂಡ್ ಕೊಡಲು ಮುಂದಾದವರು ಜಮ್‌ಷೆಟ್‌ಜಿ ಟಾಟಾ ಅವರ ಕಿರಿಯ ಮಗ ರತನ್ ಟಾಟಾ. ಆ ಹಣದಿಂದ ನಡೆದ ಪೀಠಕ್ಕೆ ನಿರ್ದೇಶಕರಾಗಿ ಬಂದ ಆರ್.ಎಚ್. ಟಾನಿ, ಇಂಗ್ಲೆಂಡಿನ ಸರಪಳಿ ಬಡಿಯುವವರ, ಬಟ್ಟೆ ಹೊಲಿಯುವವರ ಕನಿಷ್ಠ ಕೂಲಿಯ ಬಗ್ಗೆ 1914, 1915ರಲ್ಲಿ ಪುಸ್ತಕ ಬರೆದರು. ಒಳ್ಳೆಯ ಕೆಲಸವೇ, ಅಲ್ಲವೆನ್ನುವುದು ಬೇಡ.

ಆದರೆ ಟಾಟಾ ಸಂಪತ್ತಿನ ಒಂದು ಬೇರು ನಾಗಪುರ, ಬೊಂಬಾಯಿಗಳ ಹತ್ತಿಗಿರಣಿಗಳಲ್ಲಿತ್ತು. ಬೊಂಬಾಯಿಯ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಯಾಕೆ? ನೂಲಿಗೆ ನೇಕಾರನ ಎಂಜಲು ತಾಗುತ್ತಿತ್ತು. ಮಹಾರನ ಎಂಜಲು ತಾಗಿದರೆ ಮಿಕ್ಕವರಿಗೆ ಮೈಲಿಗೆ! ಇಂಗ್ಲೆಂಡಿನ ಕೂಲಿಯ ಲೆಕ್ಕ ಹಾಕಿದ ಪುಸ್ತಕಗಳಲ್ಲಿ ಈ ಎಂಜಲಿನ ಲೆಕ್ಕಕ್ಕೆ ಜಾಗವಿರಲಿಲ್ಲ. 1928ರ ಗಿರಣಿ ಮುಷ್ಕರದ ಹೊತ್ತಿಗೆ ಅದನ್ನು ಎತ್ತಿ ಕೇಳಿದವರು ಬಾಬಾಸಾಹೇಬರು.

ಅವರು ಓದಿದ್ದೂ ಕೊಟ್ಟವರ ದುಡ್ಡಿನಿಂದಲೇ ಅಲ್ಲವೆ ಅನ್ನಬಹುದು. ಹೌದು. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಅವರನ್ನು ಕೊಲಂಬಿಯಕ್ಕೆ ಮುಟ್ಟಿಸಿತು. ಓದಿ ಬಂದು ಹತ್ತು ವರ್ಷ ಸಂಸ್ಥಾನದಲ್ಲಿ ದುಡಿಯಬೇಕೆಂಬ ಕರಾರೂ ಇತ್ತು. ಆದರೆ 1916ರ ಮೇ 9ರಂದು ಅಲ್ಲಿನ ಸೆಮಿನಾರಿನಲ್ಲಿ ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಅವರು ಪ್ರಬಂಧ ಓದಿದಾಗ, ದುಡ್ಡು ರಾಜನದು, ಪ್ರಶ್ನೆ ಅವರದು. 1917ರಲ್ಲಿ ಕರಾರು ತೀರಿಸಲು ಬರೋಡಕ್ಕೆ ಹೋದರು. ರಾಜ ಹುದ್ದೆ ಕೊಟ್ಟ, ಊರು ಮನೆ ಕೊಡಲಿಲ್ಲ. ಧಣಿಯ ಔದಾರ್ಯ ಜಾತಿಯ ಹೊಸ್ತಿಲ ತನಕ ಬಂದು ನಿಂತುಬಿಟ್ಟಿತು.

1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟಾಗ ಅವರ ಕೈಯಲ್ಲಿದ್ದದ್ದು ಸಂಬಳದ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ. ಟಾಟಾ ಪೀಠವಿದ್ದ ಅದೇ ಸ್ಕೂಲಿನಲ್ಲಿ, ಹೊಟ್ಟೆ ಕಟ್ಟಿ, ರೂಪಾಯಿಯ ಸಮಸ್ಯೆಯ ಮೇಲೆ ಬರೆದರು, 1923ರಲ್ಲಿ ಡಿ.ಎಸ್ಸಿ. ಪದವಿ ಪಡೆದರು. 1945ರಲ್ಲಿ ತಾವೇ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು.

ದಾನ ಬೇಡವೆನ್ನುವ ಶ್ರೀಮಂತಿಕೆ ನಮ್ಮ ಕೇರಿಗಳಿಗೆ ಇನ್ನೂ ಬಂದಿಲ್ಲ. ಫೀಸು ಕಟ್ಟಲಾಗದ ಹುಡುಗಿಗೆ ಯಾರ ದುಡ್ಡಾದರೂ ದುಡ್ಡೇ. ಆದರೆ ದಾನಿಯ ಹೆಸರಿನ ಪೀಠದಲ್ಲಿ ಕೂತು ಆ ದಾನಿಯ ಗಿರಣಿಯ ಬಗ್ಗೆಯೇ ಆಕೆ ಪ್ರಬಂಧ ಬರೆಯಬಹುದೆ? ಅದಕ್ಕೆ ಎಡೆಯಿದ್ದರೆ ಮಾತ್ರ ಅದು ಸಮಾಜವಿಜ್ಞಾನ. ಇಲ್ಲದಿದ್ದರೆ ಬರೀ ಅನ್ನಸಂತರ್ಪಣೆ, ಅದೂ ಕಡೇ ಪಂಕ್ತಿಯಲ್ಲಿ.